ಅಬ್ಬಾನ ಕಾಲು, ಫುಫುವಿನ ಕೈ

ನಮ್ಮದು ಲಕ್ಷ್ಮೇಶ್ವರದಲ್ಲಿ ಒಣಮೀನಿನ ವ್ಯಾಪಾರದ ಮನೆ. ನಮ್ಮ ಮನೆ ಕೇಳಿಕೊಂಡು ಬಂದವರು ಓಣಿಯ ಬಾಯಿಗೆ ಬಂದರೆ ಸಾಕಿತ್ತು, ಮುಂದಿನ ದಾರಿಯನ್ನು ಮೂಗೇ ತೋರಿಸುತ್ತಿತ್ತು. ಅಬ್ಬಾ ಕಾರವಾರಕ್ಕೆ ಹೋಗಿ ಲಾರಿಯಲ್ಲಿ ಚೀಲ ಹಾಕಿಕೊಂಡು ಬರುತ್ತಿದ್ದ. ಅಬ್ಬಾನ ಅಕ್ಕ, ಅಂದರೆ ನಮ್ಮ ಫುಫು, ಅದನ್ನು ಬುಟ್ಟಿಗೆ ತುಂಬಿಕೊಂಡು ಶಿರಹಟ್ಟಿ, ಮುಂಡರಗಿ, ಗದಗದ ಸಂತೆಗಳಲ್ಲಿ ಮಾರುತ್ತಿದ್ದಳು.

ಅಮ್ಮಿಯ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳಂತೆ. ಅದೇ ಹೊತ್ತಿಗೆ ಫುಫು ಬಾಳೆಹೊಸೂರಿನಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಮಕ್ಕಳಿರಲಿಲ್ಲ. ತಾಯಿಯಿಲ್ಲದ ನಮ್ಮಿಬ್ಬರನ್ನು, ನನ್ನನ್ನೂ ಅಕ್ಕನನ್ನೂ, ನೋಡಿಕೊಂಡು ಹೋಗೋಣ ಅಂತ ಬಂದವಳು ತಿರುಗಿ ಹೋಗಲೇ ಇಲ್ಲ. ಅಕ್ಕನನ್ನು ನಾನು ಆಪಾ ಎನ್ನುತ್ತಿದ್ದೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ; ಫುಫುವಿನ ಬಾಯಲ್ಲಿ ಮಾತ್ರ ಎರಡೂ ಒಂದೇ ಆಗಿದ್ದವು, ಅದರಲ್ಲೂ ಕನ್ನಡವೇ ಹೆಚ್ಚು. ಆಕೆ ಮತ್ತು ಅಬ್ಬಾ ಹುಟ್ಟಿ ಬೆಳೆದದ್ದು ಡೋಣಿ ಎಂಬ ಹಳ್ಳಿಯಲ್ಲಿ, ಒಕ್ಕಲಿಗರ ಮನೆಗಳ ನಡುವೆ.

ನಾವು ಮಾರುತ್ತಿದ್ದ ಮೀನುಗಳಲ್ಲಿ ಮೋರಿ ಅಂತ ಒಂದಿತ್ತು. ಅದು ಕಾರವಾರದವರ ಮಾತು. ನಮ್ಮ ಕಡೆ ಮೋರಿ ಅಂದರೆ ಗಟಾರ, ಹಾಗಾಗಿ ಸಂತೆಯಲ್ಲಿ ಆ ಹೆಸರು ಕೂಗಿದರೆ ಹೊಸಬರು ನಗುತ್ತಿದ್ದರು. ಉಪ್ಪು ಹಚ್ಚಿ ಒಣಗಿಸಿದ ಅದರ ತುಂಡುಗಳು ಹಳೆ ಚಪ್ಪಲಿಯ ಅಟ್ಟೆಯ ಹಾಗೆ ಕಾಣುತ್ತಿದ್ದವು. ಬಿಸಿನೀರಿನಲ್ಲಿ ನೆನೆಹಾಕಿ, ಬಳ್ಳೊಳ್ಳಿ ಖಾರ ಹಾಕಿ ಕುದಿಸಿದರೆ ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ಕುರ್ತಕೋಟಿಯ ಹೊಲದ ಕೂಲಿಯವರು ಅದನ್ನೇ ಕೇಳಿ ಒಯ್ಯುತ್ತಿದ್ದರು. ಆ ಮೀನಿಗೆ ಶಾರ್ಕ್ ಎನ್ನುವ ಇನ್ನೊಂದು ಹೆಸರಿದೆ ಎಂದು ಕೊಳ್ಳುವವರಿಗೂ ಗೊತ್ತಿರಲಿಲ್ಲ, ಮಾರುವ ನಮಗೂ ಗೊತ್ತಿರಲಿಲ್ಲ.

ನಾನು ಹೈಸ್ಕೂಲಿಗೆ ಕಾಲಿಟ್ಟ ವರ್ಷ, ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ಹೊಸದರಲ್ಲಿ, ಅಬ್ಬಾ ಫುಫುವನ್ನೂ ಕರೆದುಕೊಂಡು ಕಾರವಾರಕ್ಕೆ ಹೋದ. ಮಾಲು ನೋಡಿ ಆರಿಸುವುದರಲ್ಲಿ ಆಕೆಯ ಕಣ್ಣು ಚುರುಕು. ಬೇಗ ಬರಬೇಕಾದವರು ಬರಲಿಲ್ಲ. ನೆರೆಮನೆಯವರು ನನಗೂ ಆಪಾಗೂ ಊಟ ಹಾಕಿದರು. ಕೊನೆಗೊಂದು ಮಧ್ಯಾಹ್ನ ಲಾರಿ ಬಂದು ನಿಂತಾಗ ಡ್ರೈವರ್ ಅಬ್ಬಾನನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ಮೊಣಕಾಲಿನಿಂದ ಹಿಮ್ಮಡದವರೆಗೆ ಬಿಳಿ ಪಟ್ಟಿ. ಹಿಂದಿನಿಂದ ಫುಫು ತಾನೇ ಇಳಿದಳು. ಅವಳ ಎಡಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿದ್ದರು. ನಾವಿಬ್ಬರೂ ಓಡಿ ಹೋಗಿ ಅಬ್ಬಾನನ್ನೇ ಹಿಡಿದೆವು.

"ಏನಾತಬ್ಬಾ?"

"ಮೀನ ಕಡೀತವ್ವಾ," ಅಂದ ಅಬ್ಬಾ. "ದೊಡ್ಡ ಮೋರಿ. ನೀರಾಗ ಬಿದ್ದಿದ್ದೆ, ಕಾಲ ಹಿಡಕೊಂತು."

"ಫುಫುನ ಕೈ?"

"ಲಾರಿ ಬಾಗಲಕ್ಕ ಸಿಕ್ಕಿತು."

ಫುಫು ಒಳಗೆ ಹೋಗಿ ಒಂದೇ ಕೈಯಲ್ಲಿ ಒಲೆ ಹೊತ್ತಿಸತೊಡಗಿದಳು.

ಅಬ್ಬಾನ ಕಾಲಿನ ಪಟ್ಟಿ ಬಿಚ್ಚಿದ ಮೇಲೆ ನೋಡಿದೆವು. ಮೀನಖಂಡದ ಮೇಲೆ ಸಾಲಾಗಿ, ಬಿಲ್ಲಿನ ಹಾಗೆ ಬಾಗಿದ ಗಾಯಗಳು. ನೋಡಿದವರೆಲ್ಲ "ಹಲ್ಲಿನ ಗುರುತರಿ ಇವು, ಖರೇನ" ಅನ್ನುತ್ತಿದ್ದರು. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಅಬ್ಬಾ ಮೊದಮೊದಲು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದ ಸಂಗತಿ ಕೇಳುವವರ ಪ್ರಶ್ನೆಗಳಿಂದಲೇ ಉದ್ದವಾಯಿತು. ಎಷ್ಟು ದೊಡ್ಡದಿತ್ತು? ಕಣ್ಣು ಹೆಂಗಿತ್ತು? ಹೆಂಗ ಬಿಡಿಸಿಕೊಂಡಿ? ಅಬ್ಬಾ ಉತ್ತರ ಕೊಡುತ್ತ ಹೋದ. ಮೀನಿನ ಮೂಗಿಗೆ ಗುದ್ದಿದೆ ಅಂದ. ಅದು ಬಾಯಿ ಬಿಟ್ಟಿತು ಅಂದ. ಅಬ್ಬಾ ಸ್ವಭಾವದಿಂದ ಬಡಾಯಿಯ ಮನುಷ್ಯನಲ್ಲ. ಹೇಳಿ ಮನೆಗೆ ಬಂದ ದಿನ ಮಾತೇ ಆಡುತ್ತಿರಲಿಲ್ಲ. ಮೂಲೆಯ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದ. ಅದು ಕಾಲಿನ ನೋವು ಅಂತ ನಾವು ತಿಳಿದೆವು.

ಸ್ವಲ್ಪ ದಿನಕ್ಕೆ ಗದಗದ ಟಾಕೀಸಿಗೆ ಮನುಷ್ಯರನ್ನು ತಿನ್ನುವ ಮೀನಿನ ಇಂಗ್ಲಿಷ್ ಸಿನಿಮಾ ಒಂದು ಬಂತು. ಲಕ್ಷ್ಮೇಶ್ವರದಿಂದ ಬಸ್ಸು ತುಂಬಿ ಜನ ಹೋಗಿ ನೋಡಿ ಬಂದರು. ಮಾತು ಯಾರಿಗೂ ತಿಳಿದಿರಲಿಲ್ಲ, ಹೆದರಿಕೆ ಎಲ್ಲರಿಗೂ ತಿಳಿದಿತ್ತು. ಕಡಲು ಕಂಡಿರದ ನಮ್ಮ ಊರಿನ ಹೆಂಗಸರು ಕೆರೆಗೆ ಬಟ್ಟೆ ಒಗೆಯಲು ಹೋಗಿ ಕಾಲು ಇಳಿಬಿಡಲು ಅಂಜಿದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ, ಆ ಸಿನಿಮಾದ ಶಾರ್ಕ್ ಅಂದರೆ ನಮ್ಮ ಚಾಚಾ ಹೇಳುವ ಮೋರಿಯೇ ಎಂದು ಕಟ್ಟೆಯ ಮೇಲೆ ನಿಂತು ಬಿಡಿಸಿ ಹೇಳಿದ. ಅವತ್ತಿನಿಂದ ಅಬ್ಬಾನ ಕಾಲು ಊರಿನ ಆಸ್ತಿಯಾಯಿತು. ಶಿರಹಟ್ಟಿಯಿಂದ, ಮುಂಡರಗಿಯಿಂದ ಬಂದವರು ಪಾಯಿಜಾಮ ಎತ್ತಿಸಿ ನೋಡಿ ಹೋಗುತ್ತಿದ್ದರು. ಒಂದು ಶಾಲೆಯವರು ಮಕ್ಕಳಿಗೆ ಧೈರ್ಯದ ಬಗ್ಗೆ ಮಾತಾಡಿರೆಂದು ಕರೆದು, ಚೆಂಡುಹೂವಿನ ಹಾರ ಹಾಕಿ ಕಳಿಸಿದರು. ನಾನು ಹಾರದ ಜೊತೆ ಓಣಿ ತುಂಬ ನಡೆದೆ. ಶಾಲೆಯಲ್ಲಿ ಗೆಳತಿಯರು ನನ್ನನ್ನು ಮುಂದಿನ ಸಾಲಿಗೆ ಎಳೆದು ಕೂಡಿಸುತ್ತಿದ್ದರು. ಮೀನವಾಸನೆಯವಳು ಎಂದು ಮೂಗು ಮುಚ್ಚುತ್ತಿದ್ದವರೇ ಈಗ ನನ್ನ ಪಕ್ಕ ಕೂಡಲು ಜಗಳಾಡುತ್ತಿದ್ದರು.

ಹಾರ ಹಾಕಿಸಿಕೊಂಡು ಬಂದ ಆ ಸಂಜೆ ಅಬ್ಬಾ ಊಟಕ್ಕೆ ಕೂತ. ಫುಫು ರೊಟ್ಟಿ ಬಡಿಯುತ್ತಿದ್ದಳು. ಅವಳ ಎಡಗೈ ಬೆರಳುಗಳು ಮಡಚುತ್ತಿರಲಿಲ್ಲ, ಒಣಗಿದ ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ಬಲಗೈಯಿಂದ ಬಡಿದು, ಎಡಗೈ ಮಣಿಕಟ್ಟಿನಿಂದ ರೊಟ್ಟಿಯನ್ನು ಸರಿಸಿ ಸರಿಸಿ ತಿರುಗಿಸುತ್ತಿದ್ದಳು. ರೊಟ್ಟಿ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ. "ಹಸೀ ಹಸೀ ಐತಿ ಫುಫು ಇದು," ಅಂತ ನಾನು ತುಣುಕನ್ನು ತಟ್ಟೆಯ ಅಂಚಿಗೆ ಸರಿಸಿದೆ. ಅಬ್ಬಾ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಟ್ಟಲ್ಲ ಅದು. ನಾನು ಸರಿಸಿದ ಆ ಹಸಿ ತುಣುಕನ್ನು ತನ್ನ ತಟ್ಟೆಗೆ ಹಾಕಿಕೊಂಡು ತಿಂದು, ಎದ್ದು ಹೋದ.

ವ್ಯಾಪಾರ ಕುಸಿಯಿತು. ಮೊದಲು ಮೋರಿಯನ್ನು ಮುಟ್ಟುವವರಿಲ್ಲವಾದರು. ಮನುಷ್ಯರ ಮಾಂಸ ತಿಂದ ಮೀನನ್ನು ತಿಂದರೆ ಪಾಪ ಯಾರಿಗೆ ಅಂತ ಕೇಳಿದರು. ಮುಂಡರಗಿಯಲ್ಲಿ ಯಾರಿಗೋ ತುಂಡಿನೊಳಗೆ ಹೆಂಗಸಿನ ಮೂಗುತಿ ಸಿಕ್ಕಿತಂತೆ ಅನ್ನುವ ಸುದ್ದಿ ಹಬ್ಬಿತು. ಯಾರಿಗೆ ಸಿಕ್ಕಿತು, ಯಾವ ಓಣಿ, ಅದನ್ನು ಯಾರೂ ಹೇಳಲಿಲ್ಲ. ಆಮೇಲೆ ಉಳಿದ ಮೀನಿನ ಮೇಲೂ ಅನುಮಾನ ಬಂತು. "ನಿನ್ನ ತಮ್ಮನ್ನ ತಿನ್ನಾಕ ಬಂದದ್ದನ್ನ ನಮಗ ತಿನ್ನಸಾಕ ಬಂದಿ ಏನಬೇ?" ಅಂತ ಸಂತೆಯಲ್ಲಿ ಫುಫುವನ್ನು ನಗೆಯಾಡುತ್ತಿದ್ದರು. ಅಬ್ಬಾ ಕಾಲಿನ ನೆಪ ಹೇಳಿ ಸಂತೆಗೆ ಹೋಗುವುದನ್ನು ಬಿಟ್ಟಿದ್ದ. ಫುಫು ಬುಟ್ಟಿಗೆ ಹಳೆ ಸೀರೆಯ ಜೋಳಿಗೆ ಕಟ್ಟಿ ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಿಂದ ಬಸ್ಸಿನ ಕಂಬಿ ಹಿಡಿದು ಹತ್ತುತ್ತಿದ್ದಳು. ಕಂಡಕ್ಟರ್ ವಾಸನೆಗೆ ಬೈದರೆ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಳು. ಸಂತೆಯಲ್ಲಿ ಮಾರಾಟವಾಗದಿದ್ದರೆ ಡೋಣಿಯ ಮನೆಮನೆಗೆ ಹೋಗುತ್ತಿದ್ದಳು. ಅಲ್ಲಿ ಅವಳನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲವರು ಇದ್ದರು, ಅವರು ಕೊಳ್ಳುತ್ತಿದ್ದರು. ಹಾಗೆ ಮಾರಿ ಬಂದೇ ನಮ್ಮ ಒಲೆ ಉರಿಯಿತು, ನನ್ನ ಶಾಲೆ ನಡೆಯಿತು, ಆಪಾಳ ಮದುವೆಯಾಯಿತು. ಒಂದೇ ಒಂದು ಸಲ ಆಕೆ ಸಂತೆಯಲ್ಲಿ ಬಾಯಿಬಿಟ್ಟು, ಈ ಮೀನು ಯಾರನ್ನೂ ಕಚ್ಚಿಲ್ಲ ಎಂದುಬಿಡಬಹುದಿತ್ತು. ಆಕೆ ಅನ್ನಲಿಲ್ಲ.

ಆಪಾಳನ್ನು ಮುಂಡರಗಿಯಲ್ಲಿ ಗಾದಿ ಹೊಲಿಯುವ ಮನೆಗೆ ಕೊಟ್ಟಿದ್ದೆವು. ಒಳ್ಳೆಯ ಜನ. ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಗಂಡು ಕೂಸು ಹುಟ್ಟಿತು, ಆದರೆ ತೀರ ಸಣ್ಣದು, ಬೆಕ್ಕಿನ ಮರಿಯ ಹಾಗೆ. ಆಪಾಗೆ ಎದೆಹಾಲು ಬರಲಿಲ್ಲ. ಡಬ್ಬಿಯ ಪುಡಿಹಾಲು ಆ ಕೂಸಿಗೆ ಒಗ್ಗಲಿಲ್ಲ, ಕುಡಿದದ್ದೆಲ್ಲ ಕಾರುತ್ತಿತ್ತು. ಮೆಂತ್ಯದ ಗಂಜಿ, ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಎಲ್ಲ ಆಯಿತು. ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತ ಬಂತು. ಆಪಾ ಗೋಡೆಗೆ ಮುಖ ಮಾಡಿ ತಾನೂ ಅಳುತ್ತಿದ್ದಳು.

ಒಂದು ಬೆಳಿಗ್ಗೆ ಫುಫು ಯಾರಿಗೂ ಹೇಳದೆ ಗದಗಕ್ಕೆ ಹೋಗಿ, ಬೆಟಗೇರಿಯ ಬಾಜಾರದಲ್ಲಿ ಹುಡುಕಿ, ಮೋರಿಯ ಎರಡು ಎಳೆ ತುಂಡು ತಂದಳು. ನಮ್ಮ ಮನೆಯೊಳಗೆ ಅದು ಬಂದು ವರ್ಷಗಳಾಗಿದ್ದವು. ಉಪ್ಪು ಹೋಗುವವರೆಗೆ ತೊಳೆದು, ಮೆಣಸು ಬಳ್ಳೊಳ್ಳಿ ಹಾಕಿ ತಿಳಿಸಾರು ಮಾಡಿದಳು. ಅದೇ ಹೊತ್ತಿಗೆ ಮುಂಡರಗಿಯಿಂದ ಆಪಾಳ ಅತ್ತೆ, ನಮ್ಮ ಬೀಗತಿ, ಮೊಮ್ಮಗನನ್ನು ನೋಡಲು ಬಂದರು. ಒಳಗೆ ಬರುತ್ತಲೇ ಮೂಗು ಅರಳಿಸಿದರು.

"ಏನ ಕುದಸಾಕತ್ತೀರಿ?"

"ಮೋರಿರಿ," ಅಂದಳು ಫುಫು. "ಕಾರವಾರದಾಗ ಬಾಣಂತ್ಯಾರಿಗೆ ಮದ್ಲ ಇದನ್ನ ಕೊಡ್ತಾರ. ಹಾಲ ಇಳೀತೈತಿ ಅಂತಾರ್ರಿ."

ಬೀಗತಿ ಕೂತವರು ಎದ್ದುಬಿಟ್ಟರು. "ನಿಮ್ಮ ತಮ್ಮನ ಕಾಲ ತಿಂದ ಮೀನ? ಮನುಷ್ಯಾರ ರಗತ ಕುಡಿಯೂ ಮೀನ? ಅದನ್ನ ನನ್ನ ಸೊಸಿಗೆ ತಿನಿಸಿ, ಆ ಹಾಲ ನಮ್ಮ ಕೂಸಿಗೆ ಕುಡಸ್ತೀರಿ? ಬ್ಯಾಡ್ರಿ. ಈಗಿಂದೀಗ ಇಬ್ರನ್ನೂ ಕರಕೊಂಡ ಹೋಗ್ತೀನಿ."

ಫುಫು ಸಾರಿನ ಬಟ್ಟಲನ್ನು ಆಪಾಳ ಮುಂದೆ ಇಟ್ಟಳು. ಆಪಾ ಅದನ್ನು ನೋಡಿ ತಲೆ ಆಡಿಸಿದಳು. ಕಣ್ಣಲ್ಲಿ ನೀರು.

"ನನ್ನಿಂದ ಆಗೂದಿಲ್ಲ ಫುಫು. ಅಬ್ಬಾನ ಕಾಲ ಕಡದ ಮೀನ ನಾ ಹೆಂಗ ನುಂಗಲಿ? ಕೂಸ ಸತ್ತರೂ ನನ್ನಿಂದ ಆಗೂದಿಲ್ಲ."

ಅಬ್ಬಾ ಬಾಗಿಲಲ್ಲಿ ನಿಂತಿದ್ದ. ಫುಫು ಅವನ ಕಡೆ ತಿರುಗಿ "ತಮ್ಮಾ" ಅಂದಳು. ಅಷ್ಟೇ ಅಂದದ್ದು.

ಅಬ್ಬಾ ಒಳಗೆ ಬಂದು ಬರಿ ನೆಲದ ಮೇಲೆ ಕೂತ. ಬೀಗತಿಯ ಎದುರು ಹಾಗೆ ನೆಲದ ಮೇಲೆ ಕೂಡುವ ರೂಢಿ ಇರಲಿಲ್ಲ.

"ಮೀನ ಕಡದಿಲ್ಲ," ಅಂದ. "ನನ್ನ ಯಾವ ಮೀನಾನೂ ಕಡದಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅಬ್ಬಾ ಆಪಾಳ ಮುಖ ನೋಡುತ್ತಲೇ ಹೇಳಿದ. ಬಂದರಿನಲ್ಲಿ ದೋಣಿಯೊಂದು ದಡಕ್ಕೆ ಬರುತ್ತಿತ್ತು. ಬೇರೆ ವ್ಯಾಪಾರಿಗಳಿಗಿಂತ ಮೊದಲು ಮಾಲು ನೋಡಬೇಕೆಂದು ಅವನು ಕಟ್ಟೆಯಿಂದ ದೋಣಿಗೆ ಹಾರಿದ. ಹಲಗೆ ತೋಯ್ದಿತ್ತು, ಕಾಲು ಜಾರಿತು. ದೋಣಿಗೂ ಕಟ್ಟೆಗೂ ನಡುವಿನ ನೀರಿನಲ್ಲಿ ಬಿದ್ದ. ಅಬ್ಬಾಗೆ ಈಜು ಬರುತ್ತಿರಲಿಲ್ಲ. ಸಣ್ಣವನಿದ್ದಾಗ ಡೋಣಿಯ ಬಾವಿಯಲ್ಲಿ ಒಮ್ಮೆ ಮುಳುಗಿ ಎದ್ದವನು ಮತ್ತೆ ನೀರಿಗೆ ಇಳಿದಿರಲಿಲ್ಲ. ಕಟ್ಟೆಯ ಕಂಬಗಳಿಗೆ ಅಂಟಿದ ಚಿಪ್ಪುಗಳು ಕತ್ತಿಯ ಹಾಗೆ ಇದ್ದವು, ಅವೇ ಕಾಲನ್ನು ಸೀಳಿದ್ದು. ಮೇಲೆ ನಿಂತ ಗಂಡಸರು ಕೂಗುತ್ತ ಗಳ ಹುಡುಕುತ್ತಿದ್ದರು. ಅಲೆ ಬಂದಾಗಲೆಲ್ಲ ದೋಣಿ ಕಟ್ಟೆಯ ಕಡೆಗೆ ಬರುತ್ತಿತ್ತು.

"ಅಕ್ಕ ಹಾರಿದ್ಲು," ಅಂದ ಅಬ್ಬಾ. "ಸೆರಗ ನಡಕ್ಕ ಕಟ್ಟಿ ಹಾರಿದ್ಲು. ಆಕಿಗೆ ನಮ್ಮೂರ ಬಾವ್ಯಾಗ ಈಜಾಡಿ ಗೊತ್ತಿತ್ತು. ನನ್ನ ಕೊಳ್ಳಪಟ್ಟಿ ಹಿಡದು, ದೋಣಿ ಹಗ್ಗ ತನ್ನ ಕೈಗೆ ಸುತ್ತಿಕೊಂಡ್ಲು, ಬಿಟ್ಟಹೋಗಬಾರದು ಅಂತ. ಅಲಿ ಬಂತು. ದೋಣಿ ಎದ್ದಿತು. ಹಗ್ಗ ಬಿಗೀತು. ಆಕಿ ಕೈಯಾಗಿನ ಎಲವು ಮುರಿಯೂ ಸಪ್ಪಳ ನಾ ಕೇಳೀನಿ. ಆದ್ರೂ ಬಿಡಲಿಲ್ಲ."

ಬೀಗತಿ ನಿಂತಲ್ಲೇ ನಿಂತಿದ್ದರು. ಆಪಾ ಕೇಳಿದಳು: "ಮತ್ತ ಯಾಕಬ್ಬಾ? ಯಾಕ ಹಂಗ ಹೇಳಿದಿ?"

"ಲಾರಿಯಾಗ ಬರೂಮುಂದ ದಾರ್ಯಾಗ ಒಂದ ಚಾದಂಗಡ್ಯಾಗ ಒಬ್ಬಾವ ನಗಚಾಟಗಿಗೆ ಮೀನ ಕಡೀತೇನು ಅಂದ. ನಾ ಹೂಂ ಅಂದೆ. ಗಂಡ ಸತ್ತ ಹೆಂಗಸು, ಅಷ್ಟ ಮಂದಿ ಗಂಡಸರ ಮುಂದ ನೀರಿಗೆ ಹಾರಿ, ತೊಯ್ದ ಸೀರಿಮ್ಯಾಲ ಎದ್ದಬಂದ್ಲು ಅಂದ್ರ ಊರ ಮಂದಿ ಏನಂತಿದ್ರು? ಆಕಿ ಮರ್ಯಾದಿ ಉಳಸಾಕ ಅಂತ ನನಗ ನಾನ ಹೇಳಿಕೊಂಡೆ." ಅಬ್ಬಾ ತನ್ನ ಕಾಲಿನ ಗುರುತಿನ ಮೇಲೆ ಕೈಯಿಟ್ಟ. "ಖರೆ ಅದಲ್ಲ. ಹೆಂಗಸು ಎತ್ತಿ ದಂಡಿಗೆ ಹಾಕಿದ್ಲು ಅನ್ನಾಕ ನನಗ ನಾಚಿಕಿ ಆತು. ಆಮ್ಯಾಲ ಹಾರ ಹಾಕಿದ್ರು. ಆಮ್ಯಾಲ ಹೆಂಗ ತಿರುಗಿ ಹೇಳೂದು?"

ಹಾಗೆಂದವನು ಸಾರಿನ ಬಟ್ಟಲಿನಿಂದ ಒಂದು ತುಂಡು ಮೀನು ತೆಗೆದು ಬಾಯಿಗೆ ಹಾಕಿಕೊಂಡ. ಅಗಿಯಲು ಆಗದೆ ಹಾಗೇ ಕೂತಿದ್ದ. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು. ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಬೀಗತಿ ಬಂದು ಆಪಾಳ ಪಕ್ಕ ಕೂತು ಬಟ್ಟಲನ್ನು ಕೈಗೆ ತೆಗೆದುಕೊಂಡರು.

"ಮದ್ಲ ನಾ ಒಂದ ಗುಟಕ ಕುಡೀತೀನಿ," ಅಂದರು. ಕುಡಿದರು. "ಉಪ್ಪ ಕಡಿಮಿ ಐತಿ. ತಗೊಳವ್ವಾ, ಬಾಯಿ ತೆಗಿ."

ಆಪಾ ಕುಡಿದಳು. ಅವತ್ತೂ ಕುಡಿದಳು, ಮರುದಿನವೂ ಕುಡಿದಳು. ಹಾಲು ಬಂತು. ಅದು ಮೀನಿನಿಂದಲೋ, ಮನಸ್ಸು ಹಗುರಾಗಿ ನಿದ್ದೆ ಹತ್ತಿದ್ದರಿಂದಲೋ, ಅತ್ತೆಯೇ ಪಕ್ಕದಲ್ಲಿ ಕೂತು ತಲೆ ನೇವರಿಸಿದ್ದರಿಂದಲೋ ನಾನು ಹೇಳಲಾರೆ. ಕೂಸು ಬದುಕಿತು. ಈಗ ಅವನು ನನಗಿಂತ ಎತ್ತರ.

ಆದರೆ ಅಬ್ಬಾನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವನು ಹೊರಟ. ಬಸ್ ನಿಲ್ದಾಣದ ಹತ್ತಿರದ ಅದೇ ಚಹಾದಂಗಡಿಯಲ್ಲಿ ಎದ್ದು ನಿಂತು, ಮೀನು ಕಚ್ಚಿಲ್ಲ, ನನ್ನನ್ನು ಉಳಿಸಿದ್ದು ನನ್ನ ಅಕ್ಕ ಅಂದ. ಜನ ನಕ್ಕರು. "ಅಕ್ಕಗ ಹೆಸರ ಬರ್ಲಿ ಅಂತ ಹೇಳ್ತಾನ, ದೊಡ್ಡ ಮನಸಿನಾಂವ," ಅಂದರು. ಒಬ್ಬ, "ಹಂಗಾರ ಹಲ್ಲಿನ ಗುರುತ ಎಲ್ಲಿಂದ ಬಂದ್ವು?" ಅಂತ ವಾದಕ್ಕೆ ಇಳಿದ. ಚಿಪ್ಪು ಅಂದರೆ ಯಾರೂ ನಂಬಲಿಲ್ಲ. ಚಿಪ್ಪು ಹೀಗೆ ಕೊಯ್ಯುತ್ತದೆಯೇ? ಅವರು ಸಿನಿಮಾದಲ್ಲಿ ಕಣ್ಣಾರೆ ನೋಡಿದ್ದರಲ್ಲ! ಅಬ್ಬಾ ಶಿರಹಟ್ಟಿಯ ಸಂತೆಗೆ ತಾನೇ ಬುಟ್ಟಿ ಹೊತ್ತುಕೊಂಡು ಹೋಗಿ, ಮೋರಿಯ ತುಂಡು ಕೈಯಲ್ಲಿ ಹಿಡಿದು, "ಇದು ಸಾದಾ ಮೀನ್ರಿ, ಯಾರನ್ನೂ ತಿಂದಿಲ್ಲರಿ" ಅಂತ ಕೂಗಿದ. ಮಾರಾಟಕ್ಕಾಗಿ ಹೇಳುತ್ತಾನೆ ಅಂದುಕೊಂಡರು. ಸುಳ್ಳು ಹೇಳಿದಾಗ ಹಾರ ಹಾಕಿದ ಊರು ಖರೆ ಹೇಳಿದಾಗ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಆ ಕಾಲನ್ನು ತಾನೇ ಗುದ್ದಿಕೊಳ್ಳುತ್ತಿದ್ದ. ಫುಫು ಬೈದು ಬಿಡಿಸುತ್ತಿದ್ದಳು.

ನಂಬಿದವರೂ ಕೆಲವರಿದ್ದರು. ಅವರಲ್ಲೊಬ್ಬ ಹಿರಿಯ ಮನೆಯ ಮುಂದೆ ನಿಂತು, "ಗಂಡಸರ ನಡಬರಕ ನೀರಿಗೆ ಹಾರಿದ್ದೀ ಅಂತಲ್ಲಬೇ, ಖರೇನ?" ಅಂತ ಮುಖ ಹಿಂಡಿ ಕೇಳಿದ.

"ಹಾರೀನ್ರಿ," ಅಂದಳು ಫುಫು, ಮೀನು ಹರವುತ್ತಲೇ. "ನೀವು ಬಿದ್ದಿದ್ರ ನಿಮ್ಮ ಸಲುವಾಗಿನೂ ಹಾರ್ತಿದ್ದೆ."

ಆತ ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅಬ್ಬಾ ನನ್ನನ್ನೂ ಫುಫುವನ್ನೂ ಕಾರವಾರಕ್ಕೆ ಕರೆದುಕೊಂಡು ಹೋದ. ಅಪಘಾತದ ಮೇಲೆ ಫುಫು ಅಲ್ಲಿಗೆ ಹೋಗಿರಲಿಲ್ಲ. ನಾನು ಕಡಲು ನೋಡಿದ್ದು ಅದೇ ಮೊದಲು. ಹೊಲದ ಹಾಗೆ ಅಂಚು ಇರಬಹುದು ಅಂದುಕೊಂಡಿದ್ದೆ, ಎಲ್ಲೂ ಇರಲಿಲ್ಲ. ಹೆಂಗಸರು ದೋಣಿಯಿಂದ ಬುಟ್ಟಿಗಳನ್ನು ಇಳಿಸುತ್ತಿದ್ದರು. ಒಂದು ಬುಟ್ಟಿಯಲ್ಲಿ ನನ್ನ ತೋಳಿನಷ್ಟು ಉದ್ದದ ಬೂದುಬಣ್ಣದ ಮೀನುಗಳು ಒಂದರ ಮೇಲೊಂದು ಮಲಗಿದ್ದವು. ಮೋರಿ ಅಂದರು. ನಾನು ಹಿಂದಕ್ಕೆ ಸರಿದೆ. ಮೀನು ಮಾರುವವಳು ನಕ್ಕು ನನ್ನ ಕೈ ಹಿಡಿದು ಅದರ ಬೆನ್ನಿನ ಮೇಲೆ ಇಟ್ಟಳು. ಬಡಿಗರ ಉಜ್ಜುಕಾಗದದ ಹಾಗೆ ಒರಟು. ಕಣ್ಣು ಸಣ್ಣದು, ಪಾಪದ್ದು. ದೊಡ್ಡವೂ ಇರುತ್ತವಂತೆ, ದೂರದ ನೀರಿನಲ್ಲಿ. ಬಲೆಗೆ ಬಿದ್ದದ್ದನ್ನು ಬರಿಗೈಯಲ್ಲಿ ಹಿಡಿದರೆ ಯಾವ ಮೀನೂ ಬಾಯಿ ಹಾಕುತ್ತದಂತೆ. ಆದರೆ ದಡಕ್ಕೆ ಬಂದು ಮನುಷ್ಯರನ್ನು ಹುಡುಕಿ ತಿಂದದ್ದನ್ನು ಆಕೆ ಕಂಡಿರಲಿಲ್ಲ, ಆಕೆಯ ಅಜ್ಜನೂ ಕಂಡಿರಲಿಲ್ಲ. ಅವಳ ಮನೆಯಲ್ಲಿ ಕಡಲಿಗೆ ಹೋಗಿ ತಿರುಗಿ ಬಾರದವರು ಇದ್ದರು. ಅವರನ್ನು ಒಯ್ದದ್ದು ಗಾಳಿ. ಅದನ್ನು ಹೇಳುವಾಗ ಮಾತ್ರ ಆಕೆ ನಗಲಿಲ್ಲ.

ಅಷ್ಟರಲ್ಲಿ ಆಕೆಯ ಕಣ್ಣು ಫುಫುವಿನ ಕೈಯ ಮೇಲೆ ಬಿತ್ತು. ಕೈ ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಕೊಂಕಣಿಯಲ್ಲಿ ದೊಡ್ಡದಾಗಿ ಏನೋ ಕೂಗಿದಳು. ಸುತ್ತಲಿನ ಹೆಂಗಸರು ಬುಟ್ಟಿ ಬಿಟ್ಟು ಬಂದರು. ಒಬ್ಬ ಮುದುಕ ಬಲೆ ಹೊಲಿಯುವುದನ್ನು ಬಿಟ್ಟು ಎದ್ದು ಬಂದ. ಫುಫುವನ್ನು ಪೆಟ್ಟಿಗೆಯೊಂದರ ಮೇಲೆ ಕೂಡಿಸಿ ಚಹಾ ತರಿಸಿದರು. ಅವತ್ತಿನ ಸಂಗತಿಯನ್ನು ಮುದುಕ ತನ್ನ ಕನ್ನಡದಲ್ಲಿ ನನಗೆ ಹೇಳಿದ: ಆ ಹೊತ್ತಿನ ಅಲೆಗೆ ಹೆದರಿ ತನ್ನ ಮಗನನ್ನೂ ನೀರಿಗೆ ಇಳಿಯಗೊಡದೆ ಹಿಡಿದುಕೊಂಡಿದ್ದನಂತೆ. "ಈ ಬಾಯಿ ಯಾರನ್ನೂ ಕೇಳಲಿಲ್ಲ, ಹಾರಿದಳು," ಅಂದ. ಬಾಯಿ ಅಂದರೆ ಅವರ ಮಾತಿನಲ್ಲಿ ಹೆಂಗಸು. ಅಲ್ಲಿನ ಹುಡುಗಿಯರಿಗೆಲ್ಲ ಘಟ್ಟದ ಮೇಲಿನ ಆ ಹೆಂಗಸಿನ ಸುದ್ದಿ ಗೊತ್ತಿತ್ತು. ಅವರು ಒಬ್ಬೊಬ್ಬರಾಗಿ ಬಂದು ಆ ಮಡಚದ ಬೆರಳುಗಳನ್ನು ಮುಟ್ಟಿ ನೋಡಿದರು. ಫುಫು ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳು ಹಾಗೆ ನಾಚಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಾನು ಅವಳ ಕೈತುತ್ತು ತಿಂದು ಬೆಳೆದವಳು. ಅವಳು ಯಾರು ಅನ್ನುವುದು ಇಷ್ಟು ದೂರದ ಊರಿನ, ಭಾಷೆಯೂ ಸರಿಯಾಗಿ ಬಾರದ ಜನಕ್ಕೆ ಗೊತ್ತಿತ್ತು. ನನಗೆ ಆಪಾಳ ಬಾಣಂತನದವರೆಗೆ ಗೊತ್ತಿರಲಿಲ್ಲ. ಅಬ್ಬಾ ದೂರದಲ್ಲಿ, ಕಟ್ಟೆಯ ಕಂಬದ ಹತ್ತಿರ ಒಬ್ಬನೇ ನಿಂತಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಅವನೂ ಬರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿದ್ದರು, ನಾನು ಹಿಂದೆ. ಘಟ್ಟ ಹತ್ತುವಾಗ ಅಬ್ಬಾ ಹೇಳಿದ್ದು ನನಗೆ ಕೇಳಿಸಿತು.

"ಅಕ್ಕಾ, ನನ್ನ ಮಾಫ ಮಾಡು."

"ಯಾತಕ್ಕ?"

"ಸುಳ್ಳ ಹೇಳಿದ್ದಕ್ಕ."

"ಅದಕ್ಕ ನಾನೂ ಹೂಂಗುಟ್ಟೀನಿ. ಸುಮ್ಮನ ಇದ್ದದ್ದು ನಾನ ಅಲ್ಲೇನು?"

"ಹಂಗಾರ ನಿನಗ ನನ್ನ ಮ್ಯಾಲ ಸಿಟ್ಟಿಲ್ಲ?"

ಬಸ್ಸು ಒಂದು ತಿರುವು ದಾಟಿತು.

"ಐತಿ," ಅಂದಳು. "ಸುಳ್ಳಿಂದಲ್ಲ. ಇಷ್ಟ ವರ್ಷ ಒಂದ ಮನ್ಯಾಗ ಅದೀವಿ. ಈ ಕೈ ಬ್ಯಾನಿ ಆಗ್ತೈತೇನು ಅಂತ ಒಂದ ದಿನಾ ಕೇಳಲಿಲ್ಲ ನೀ. ನೋಡೂದನ್ನ ಬಿಟ್ಟಿ. ನೀ ತಪ್ಪ ಮಾಡಿದಿ ಅಂತ ನಿನಗ ಗೊತ್ತಿತ್ತು, ಅದಕ್ಕ ಈ ಕಡೆ ನೋಡಲಿಲ್ಲ. ನಿನ್ನ ಸಂಕಟಾ ನಿನಗ ದೊಡ್ಡದಾತು. ನನ್ನ ಕೈ ನನಗ ಉಳೀತು."

ಅಬ್ಬಾ ಕಿಟಕಿಯ ಕಡೆ ತಿರುಗಿದ. ನಾನು ಹಿಂದೆ ಕೂತು ನನ್ನ ವರ್ಷಗಳನ್ನೆಲ್ಲ ತಡಕಾಡಿದೆ. ಜಡೆ ಹೆಣೆಯುವಾಗ ಒಂದು ಎಳೆಯನ್ನು ಅವಳು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳಲ್ಲ, ಆಗ ಕೇಳಿದ್ದೆನೇ? ಕೊಡಪಾನವನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬರುತ್ತಿದ್ದಳಲ್ಲ, ಆಗ? ಇಲ್ಲ. ನನಗೆ ಮುಚ್ಚಿಡುವ ಸುಳ್ಳೂ ಇರಲಿಲ್ಲ. ಆದರೂ ನಾನು ಕೇಳಿರಲಿಲ್ಲ.

ಘಟ್ಟ ಮುಗಿದು ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಅಬ್ಬಾ ಅಕ್ಕನ ಕಡೆ ತಿರುಗಿ ಕೇಳಿದ: "ಬ್ಯಾನಿ ಆಗ್ತೈತೇನಕ್ಕಾ?"

"ಥಂಡ್ಯಾಗ ಆಗ್ತೈತಿ. ಬೆಳಕ ಹರಿಯೂ ಹೊತ್ತಿಗೆ ಭಾಳ."

ಮುಂದೆ ಆಕೆ ಬದುಕಿದ್ದಷ್ಟು ದಿನ ಚಳಿಗಾಲ ಬಂದರೆ ಅಬ್ಬಾ ನಸುಕಿನಲ್ಲೇ ಏಳುತ್ತಿದ್ದ. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಅಕ್ಕನ ಎದುರು ಕೂತು, ಒಂದೊಂದೇ ಬೆರಳಿಗೆ ತಿಕ್ಕುತ್ತಿದ್ದ. ಮೊದಲ ಕೆಲವು ದಿನ ಬರೀ ಮೆಲ್ಲಗೆ ಸವರುತ್ತಿದ್ದ. "ಜೋರ ತಿಕ್ಕು, ಮುರಿದದ್ದು ಮತ್ತ ಮುರಿಯೂದಿಲ್ಲ," ಅಂತ ಫುಫು ಗದರುತ್ತಿದ್ದಳು. ನಾನು ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದು ಕೂತಿರುತ್ತಿದ್ದೆ. ಕೆಲವು ಮುಂಜಾನೆ ಅಬ್ಬಾ ಏಳುವುದಕ್ಕೆ ತಡ ಮಾಡಿದರೆ ನಾನೇ ಆ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅದು ಹಗುರವಾಗಿತ್ತು, ತಣ್ಣಗಿತ್ತು. ಫುಫು ಕಣ್ಣು ಮುಚ್ಚಿಕೊಂಡು, ಯಾರು ತಿಕ್ಕುತ್ತಿದ್ದಾರೆ ಎಂದು ಕೇಳದೆ, ಸುಮ್ಮನೆ ಕೂತಿರುತ್ತಿದ್ದಳು.